ಕೊಮೆನಿಯಸ್ ಅವರ ಆಟದ ಶಾಲೆ ಮತ್ತು ನನ್ನ ಆರನೆಯ ಪಾಠ

ಬೋಧನಾಭ್ಯಾಸದಲ್ಲಿ ನನ್ನ ಆರನೆಯ ಪಾಠ ಏಳನೆಯ ತರಗತಿಯ ಕನ್ನಡ. ವಿಷಯ, ಕಸುಬುಗಳಿಗೆ ಸಂಬಂಧಿಸಿದ ಪದಸಂಪತ್ತು. ಪಾಠ ಯೋಜನೆಯಲ್ಲಿ ಬೋಧನಾ ವಿಧಾನ ಎಂಬ ಕಡೆ ಆಟದ ವಿಧಾನ ಎಂದು ದಪ್ಪಗೆ ಬರೆದು ಕೆಳಗೆ ಗೆರೆ ಎಳೆದಿದ್ದೆ. ರಟ್ಟಿನ ಪೆಟ್ಟಿಗೆಯ ತುಂಬ ಪದಗಳ ಚೀಟಿ. ಗೋಡೆಯ ಮೇಲೆ ಕುಂಬಾರ, ಕಮ್ಮಾರ, ನೇಕಾರರ ಚಿತ್ರ. ಒಬ್ಬೊಬ್ಬರಾಗಿ ಓಡಿಬಂದು ಚೀಟಿ ಎತ್ತಿ, ಸರಿಯಾದ ಚಿತ್ರದ ಕೆಳಗೆ ಅಂಟಿಸಿ ಓಡಬೇಕು. ಎರಡು ತಂಡ, ಕಪ್ಪುಹಲಗೆಯ ಮೇಲೆ ಅಂಕ. ಮಕ್ಕಳು ಕುಣಿದಾಡಿಬಿಟ್ಟರು. ಪಕ್ಕದ ತರಗತಿಯ ಶಿಕ್ಷಕರು ಎರಡು ಸಲ ಬಾಗಿಲವರೆಗೆ ಬಂದು ನೋಡಿ ಹೋದರು. ಪಾಠ ಮುಗಿದಾಗ ನನಗೆ ಗೆದ್ದ ಸಂತೋಷ.

ನಮ್ಮ ಮಾರ್ಗದರ್ಶಕ ಮೇಡಂ ವೀಕ್ಷಣಾ ಪುಸ್ತಕದಲ್ಲಿ ಗದ್ದಲದ ಬಗ್ಗೆ ಒಂದಕ್ಷರವನ್ನೂ ಬರೆದಿರಲಿಲ್ಲ. ನಲವತ್ತು ನಿಮಿಷಗಳಲ್ಲಿ ಎಷ್ಟು ಮಕ್ಕಳು ಒಂದು ಪೂರ್ಣ ವಾಕ್ಯ ಆಡಿದರು ಎಂದಷ್ಟೇ ಕೇಳಿದ್ದರು. ನೆನಪು ಮಾಡಿಕೊಂಡು ಎಣಿಸಿದೆ. ಒಬ್ಬರೂ ಇಲ್ಲ. ಕೂಗಾಟ ಇತ್ತು, ವಾಕ್ಯ ಇರಲಿಲ್ಲ. ಚೀಟಿಯನ್ನು ಓದದೆಯೇ ಗೆಳೆಯರು ಕೈ ತೋರಿಸಿದ ಕಡೆ ಅಂಟಿಸಿದವರೂ ಬಹಳ ಮಂದಿ. ಆಟದಿಂದ ಕನ್ನಡವನ್ನು ಪೂರ್ತಿ ತೆಗೆದುಹಾಕಿ, ಚೀಟಿಯ ಬದಲು ಬಣ್ಣದ ಕಾಗದ ಇಟ್ಟಿದ್ದರೂ ಅದು ಹಾಗೆಯೇ ನಡೆಯುತ್ತಿತ್ತು. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಈ ಸಂಚಿಕೆಗೆ ಒಬ್ಬ ಶಿಕ್ಷಣ ಚಿಂತಕರ ಜೀವನ ಬರೆಯುವ ಕೆಲಸ ನನಗೆ ಬಂದದ್ದೂ ಅದೇ ವಾರ. ನಾನು ಕೊಮೆನಿಯಸ್ ಅವರನ್ನು ಆರಿಸಿಕೊಂಡದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ. ನಮ್ಮ ಪರೀಕ್ಷೆಗೆ ಅವರು ಒಂದು ಟಿಪ್ಪಣಿ: ಆಧುನಿಕ ಶಿಕ್ಷಣದ ಪಿತಾಮಹ, ಮಕ್ಕಳ ಚಿತ್ರಸಹಿತ ಪಠ್ಯಪುಸ್ತಕದ ಕರ್ತೃ, ಸರಳದಿಂದ ಸಂಕೀರ್ಣದ ಕಡೆಗೆ. ಇಷ್ಟು ಗೊತ್ತಿತ್ತು, ಬೇಗ ಮುಗಿಯುತ್ತದೆ ಅಂದುಕೊಂಡೆ. ಓದುತ್ತಾ ಹೋದಾಗ, ನನ್ನ ಆರನೆಯ ಪಾಠದಲ್ಲಿ ಎಡವಿದ ಜಾಗಕ್ಕೇ ಈ ಮನುಷ್ಯ ಮುನ್ನೂರೈವತ್ತು ವರ್ಷಗಳಿಗೂ ಹಿಂದೆ ಬಂದು ನಿಂತಿದ್ದರು ಎಂಬುದು ತಿಳಿಯಿತು.

ಜಾನ್ ಅಮೋಸ್ ಕೊಮೆನಿಯಸ್ ಹುಟ್ಟಿದ್ದು 1592ರ ಮಾರ್ಚ್ 28ರಂದು, ಇಂದಿನ ಝೆಕ್ ದೇಶಕ್ಕೆ ಸೇರಿದ ಮೊರೇವಿಯದಲ್ಲಿ. ಮನೆತನ ಬೊಹೆಮಿಯದ ಸಹೋದರ ಪಂಥ ಎಂಬ ಸಣ್ಣ ಪ್ರಾಟೆಸ್ಟೆಂಟ್ ಪಂಗಡದ್ದು. ಹನ್ನೆರಡು ವರ್ಷ ತುಂಬುವ ಹೊತ್ತಿಗೆ ತಂದೆ, ತಾಯಿ, ಇಬ್ಬರು ಸಹೋದರಿಯರು ತೀರಿಕೊಂಡಿದ್ದರು. ಹುಡುಗ ಸೋದರತ್ತೆಯ ಮನೆ ಸೇರಿದ. ಪ್ರೆರೋವ್ ಊರಿನ ಲ್ಯಾಟಿನ್ ಶಾಲೆಗೆ ಸೇರಿದಾಗ ವಯಸ್ಸು ಹದಿನಾರು. ಬೆಂಚಿನ ಮೇಲೆ ಪಕ್ಕದಲ್ಲಿ ಕೂತವರೆಲ್ಲ ತನಗಿಂತ ಎಷ್ಟೋ ಚಿಕ್ಕವರು.

ಈ ತಡವೇ ಅವರಿಗೆ ಒಂದು ಲಾಭ ತಂದಿತು ಎಂದು ನನಗೆ ತೋರುತ್ತದೆ. ಏಳೆಂಟು ವರ್ಷದ ಮಗುವಿಗೆ ಶಾಲೆ ಹೇಗಿದ್ದರೆ ಹಾಗೆ. ಬೇರೆ ಥರ ಇರಬಹುದು ಎಂದು ಅದಕ್ಕೆ ಹೊಳೆಯುವುದಿಲ್ಲ. ಹದಿನಾರರ ಹುಡುಗನಿಗೆ ಮಾತ್ರ ಅಲ್ಲಿ ನಡೆಯುವುದೆಲ್ಲ ಕಣ್ಣಿಗೆ ಬೀಳುತ್ತದೆ. ಅಂದಿನ ಯುರೋಪಿನಲ್ಲಿ ಓದು ಎಂದರೆ ಲ್ಯಾಟಿನ್. ಆ ಲ್ಯಾಟಿನ್ ಕಲಿಸುವ ವ್ಯಾಕರಣ ಪುಸ್ತಕವೂ ಲ್ಯಾಟಿನ್‌ನಲ್ಲೇ. ಅರ್ಥವಾಗದ ಭಾಷೆಯ ಸೂತ್ರಗಳನ್ನು ಅರ್ಥವಾಗದ ಭಾಷೆಯಲ್ಲೇ ಉರು ಹೊಡೆಯಬೇಕು, ತಪ್ಪಿದರೆ ಬೆತ್ತ. ಕನ್ನಡ ಓದಲು ಬಾರದ ಮಗುವಿನ ಕೈಗೆ ಹಳಗನ್ನಡದ ವ್ಯಾಕರಣ ಕೊಟ್ಟಂತೆ. ತನ್ನ ಎಳೆಯ ವಯಸ್ಸು ಹೀಗೆ ಹಾಳಾಯಿತು ಎಂಬ ನೋವನ್ನು ಅವರು ಮುಪ್ಪಿನವರೆಗೂ ಮರೆಯಲಿಲ್ಲ. ಜರ್ಮನಿಯ ಹೆರ್ಬಾರ್ನ್, ಹೈಡೆಲ್‌ಬರ್ಗ್‌ಗಳಲ್ಲಿ ಓದಿ, 1614ರಲ್ಲಿ ಅದೇ ಪ್ರೆರೋವ್ ಶಾಲೆಗೆ ಶಿಕ್ಷಕರಾಗಿ ಮರಳಿದರು. ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ವ್ಯಾಕರಣದ ನಿಯಮಗಳನ್ನು ಸುಲಭ ಮಾಡಿ ಬರೆದದ್ದು.

1618ರಲ್ಲಿ ಫುಲ್ನೆಕ್ ಎಂಬ ಊರಿಗೆ ಧರ್ಮಗುರುವಾಗಿ ಹೋದರು, ಅಲ್ಲಿನ ಶಾಲೆಯ ಹೊಣೆಯೂ ಅವರದೇ. ಮದುವೆಯಾಯಿತು. ಅದೇ ವರ್ಷ ಯುರೋಪಿನಲ್ಲಿ ಮೂವತ್ತು ವರ್ಷಗಳ ಯುದ್ಧ ಶುರುವಾಯಿತು. 1620ರಲ್ಲಿ ಪ್ರಾಗ್ ಬಳಿ ಪ್ರಾಟೆಸ್ಟೆಂಟರು ಸೋತ ಮೇಲೆ ಅವರಂಥ ಗುರುಗಳಿಗೆ ನೆಲೆ ಇಲ್ಲವಾಯಿತು. ಅವರು ತಲೆಮರೆಸಿಕೊಂಡು ಅಲೆಯುತ್ತಿದ್ದಾಗ, 1622ರಲ್ಲಿ ಹೆಂಡತಿಯೂ ಇಬ್ಬರು ಚಿಕ್ಕ ಮಕ್ಕಳೂ ಪ್ಲೇಗಿಗೆ ಬಲಿಯಾದರು. ಫುಲ್ನೆಕ್‌ನಲ್ಲಿ ಬಿಟ್ಟುಬಂದಿದ್ದ ಪುಸ್ತಕಗಳನ್ನು ಸುಡಲಾಯಿತು. 1628ರಲ್ಲಿ ಗಡಿ ದಾಟಿ ಪೋಲೆಂಡಿನ ಲೆಷ್ನೊ ಪಟ್ಟಣ ಸೇರಿದರು. ಮತ್ತೆಂದೂ ತಾಯ್ನಾಡಿನಲ್ಲಿ ನೆಲೆಸುವುದು ಆಗಲಿಲ್ಲ. ಮಕ್ಕಳು ನಕ್ಕು ಕಲಿಯಬೇಕು ಎಂದು ಹೇಳಿದ ಮನುಷ್ಯನ ಬದುಕಿನಲ್ಲಿ ನಗುವುದಕ್ಕೆ ಎಷ್ಟು ಕಡಿಮೆ ಜಾಗವಿತ್ತು ಎಂದು ಈ ಪುಟಗಳನ್ನು ಓದುವಾಗ ಮತ್ತೆ ಮತ್ತೆ ಅನಿಸಿತು.

ಲೆಷ್ನೊದಲ್ಲಿ ಅವರು ಮತ್ತೆ ಶಿಕ್ಷಕರಾದರು. ಗಂಡು ಹೆಣ್ಣು, ಬಡವ ಬಲ್ಲಿದ ಎನ್ನದೆ ಎಲ್ಲ ಮಕ್ಕಳಿಗೂ ಶಾಲೆ ಬೇಕು, ಮೊದಲು ತಾಯ್ನುಡಿಯಲ್ಲಿ ಕಲಿತ ಮೇಲೆಯೇ ಲ್ಯಾಟಿನ್ ಎಂಬ ಅವರ ವಿಚಾರಗಳು ಗಟ್ಟಿಯಾದದ್ದು ಅಲ್ಲಿ. ಅದನ್ನೆಲ್ಲ ಹೇಳುವ ದೊಡ್ಡ ಗ್ರಂಥವನ್ನು ಅವರು ಮೊದಲು ಬರೆದದ್ದೂ ತಮ್ಮ ತಾಯ್ನುಡಿಯಾದ ಝೆಕ್‌ನಲ್ಲಿಯೇ. ಆದರೆ ಅವರಿಗೆ ಹೆಸರು ತಂದದ್ದು 1631ರಲ್ಲಿ ಬಂದ ಜಾನುವಾ ಎಂಬ ಭಾಷಾ ಪುಸ್ತಕ. ಜಾನುವಾ ಎಂದರೆ ಬಾಗಿಲು. ಸುಮಾರು 8,000 ಲ್ಯಾಟಿನ್ ಪದಗಳು, 1,000 ವಾಕ್ಯಗಳು, 100 ವಿಷಯಗಳು: ಬೆಂಕಿ, ನೀರು, ಗಿಡಮರ, ದೇಹ, ಬೇಸಾಯ, ಕಸುಬುಗಳು, ಮನೆ, ರಾಜ್ಯ ಹೀಗೆ. ಪದವನ್ನು ವಸ್ತುವಿನಿಂದ ಬೇರೆ ಮಾಡಿ ಕಲಿಸಬಾರದು ಎಂಬುದು ತತ್ತ್ವ. ಪುಸ್ತಕ ಯುರೋಪಿನ ಹತ್ತಕ್ಕೂ ಹೆಚ್ಚು ಭಾಷೆಗಳಿಗೆ ಹೋಯಿತು. ಮಕ್ಕಳಿಗೆ ಅದೂ ಭಾರವೆಂದು ಕಂಡಾಗ, ಬಾಗಿಲಿಗೆ ಮುಂಚೆ ಒಂದು ಪಡಸಾಲೆ ಇರಲಿ ಎಂಬಂತೆ ಇನ್ನೂ ಚಿಕ್ಕ ಪುಸ್ತಕ ಬರೆದುಕೊಟ್ಟರು.

ನಡುವಿನ ವರ್ಷಗಳನ್ನು ಬೇಗ ದಾಟುತ್ತೇನೆ. 1641ರಲ್ಲಿ ಲಂಡನ್‌ಗೆ ಕರೆ ಬಂತು, ಅಲ್ಲಿ ಒಳಜಗಳ ಎದ್ದು ಕೆಲಸ ನಿಂತಿತು. ಆಮೇಲೆ ಆರು ವರ್ಷ ಸ್ವೀಡನ್ನಿನ ಶಾಲೆಗಳಿಗಾಗಿ ಪಠ್ಯಪುಸ್ತಕ ಬರೆಯುವ ದುಡಿಮೆ. ಎರಡನೆಯ ಹೆಂಡತಿಯೂ ತೀರಿಕೊಂಡರು.

1650ರಲ್ಲಿ ಹಂಗೇರಿಯ ಶಾರೋಶ್‌ಪಟಕ್ ಎಂಬ ಊರಿನಿಂದ ಆಹ್ವಾನ ಬಂತು. ಅಲ್ಲಿನ ರಾಕೋತ್ಸಿ ಮನೆತನದ ವಿಧವೆ ರಾಜಮಾತೆ ಝುಝಾನಾ ಲೊರಾಂತ್ಫಿ ತಮ್ಮ ಊರಿನ ಶಾಲೆಯನ್ನು ಸುಧಾರಿಸಿಕೊಡಿ ಎಂದು ಕೇಳಿದ್ದರು. ಕೊಮೆನಿಯಸ್ ಏಳು ತರಗತಿಗಳ ಯೋಜನೆ ಹಾಕಿದರು. ತೆರೆಯಲು ಆದದ್ದು ಮೂರು. ಯುರೋಪಿನಲ್ಲೆಲ್ಲ ಮೆಚ್ಚುಗೆ ಪಡೆದ ಪುಸ್ತಕ ಕೈಯಲ್ಲಿತ್ತು, ಬರೆದವರೇ ಎದುರಿಗೆ ನಿಂತಿದ್ದರು. ಆದರೂ ಹುಡುಗರಲ್ಲಿ ಹುರುಪಿಲ್ಲ, ಲ್ಯಾಟಿನ್‌ನಲ್ಲಿ ಬಾಯಿ ಬಿಡಿಸುವುದೇ ಕಷ್ಟ. ಇಲ್ಲಿಗೆ ಬಂದಾಗ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅಂಥವರ ತರಗತಿಯಲ್ಲೂ ಮಕ್ಕಳು ಬಾಯಿ ಬಿಡಲಿಲ್ಲ ಎಂಬುದು ಸಮಾಧಾನವನ್ನೂ ಕೊಟ್ಟಿತು, ಭಯವನ್ನೂ ಕೊಟ್ಟಿತು.

ಅವರು ಕಂಡುಕೊಂಡ ದಾರಿ ನಾಟಕ. ಹಿಂದೆ ಲೆಷ್ನೊದಲ್ಲಿದ್ದಾಗಲೇ ತಾವು ಬರೆದ ನಾಟಕವನ್ನು ಮಕ್ಕಳಿಂದ ಆಡಿಸಿ ನೋಡಿದ್ದರು. ಈಗ ಜಾನುವಾ ಪುಸ್ತಕವನ್ನೇ ಒಡೆದು ಎಂಟು ನಾಟಕಗಳಾಗಿ ಮಾಡಿದರು. ಅವುಗಳಿಗೆ ಇಟ್ಟ ಹೆಸರು ಸ್ಕೋಲಾ ಲೂಡುಸ್. ಸ್ಕೋಲಾ ಎಂದರೆ ಶಾಲೆ. ಲೂಡುಸ್ ಎಂಬ ಲ್ಯಾಟಿನ್ ಪದಕ್ಕೆ ಆಟ ಎಂಬ ಅರ್ಥವೂ ಇದೆ, ಚಿಕ್ಕ ಮಕ್ಕಳ ಶಾಲೆ ಎಂಬ ಅರ್ಥವೂ ಇದೆ.

ನಾಟಕದ ಕಟ್ಟು ಬಹಳ ಸರಳ. ಟಾಲೆಮಿ ಎಂಬ ದೊರೆಗೆ ಲೋಕದ ಎಲ್ಲ ವಸ್ತುಗಳ ಹೆಸರೂ ಗುಣವೂ ತಿಳಿಯಬೇಕಾಗಿದೆ. ಪ್ಲೇಟೋ, ಪ್ಲಿನಿ ಮೊದಲಾದ ಪಂಡಿತರು ಆಸ್ಥಾನದಲ್ಲಿ ಕೂತಿದ್ದಾರೆ. ಒಬ್ಬರಾದ ಮೇಲೆ ಒಬ್ಬರು ಬರುತ್ತಾರೆ, ತಮ್ಮ ತಮ್ಮ ವಸ್ತುವನ್ನು ತೋರಿಸಿ, ಹೆಸರಿಸಿ, ವಿವರಿಸಿ ಹೋಗುತ್ತಾರೆ. ಒಂದು ನಾಟಕದಲ್ಲಿ ಪ್ರಕೃತಿ, ಇನ್ನೊಂದರಲ್ಲಿ ಮನುಷ್ಯನ ದೇಹ, ಮತ್ತೊಂದರಲ್ಲಿ ಕಸುಬುದಾರರು, ಮುಂದೆ ಶಾಲೆ, ಮನೆ, ರಾಜ್ಯ. ಪ್ರತಿಯೊಂದರಲ್ಲೂ ಪಾತ್ರಗಳೋ ಪಾತ್ರಗಳು, ಎಷ್ಟು ಮಕ್ಕಳಿದ್ದರೂ ಹಂಚಬಹುದು. ಸಾಹಿತ್ಯವಾಗಿ ನೋಡಿದರೆ ಇದರಲ್ಲಿ ಕಥೆಯೇ ಇಲ್ಲ. ನಮ್ಮ ಯಾವ ನಾಟಕಕಾರರೂ ಇದನ್ನು ನಾಟಕ ಎಂದು ಒಪ್ಪಲಿಕ್ಕಿಲ್ಲ. ಆದರೆ ಪಾಠ ಯೋಜನೆಯಾಗಿ ನೋಡಿ. ಒಳಗೆ ಬಂದ ಹುಡುಗ ಮಾತಾಡದಿದ್ದರೆ ನಾಟಕ ನಿಂತುಹೋಗುತ್ತದೆ. ಅವನು ಮಾತಾಡಿದರೆ ಮಾತ್ರ ಮುಂದಿನವನು ಒಳಗೆ ಬರಬಹುದು. ಆಟವನ್ನು ಮುಂದೆ ತಳ್ಳುವುದು ಭಾಷೆಯೇ. ನನ್ನ ಚೀಟಿಯ ಆಟವನ್ನು ತಳ್ಳುತ್ತಿದ್ದದ್ದು ಮಕ್ಕಳ ಕಾಲುಗಳು.

ಶಾಲೆಯಲ್ಲಿ ನಾಟಕ ಆಡಿಸುವುದು ಘನತೆಗೆ ತಕ್ಕದ್ದಲ್ಲ ಎಂದು ಅಲ್ಲಿನ ಶಿಕ್ಷಕವರ್ಗದಲ್ಲಿ ವಿರೋಧ ಇತ್ತು. ಹೊರಡುವ ಕಾಲ ಹತ್ತಿರವಾದಾಗಲೇ ಆಡಿಸಲು ಸಾಧ್ಯವಾಯಿತು. ಬಾಯಿ ಬಿಡದ ಹುಡುಗರು ಸಭೆಯ ಮುಂದೆ ಲ್ಯಾಟಿನ್ ಆಡಿದರು, ನೋಡಿದವರು ಮೆಚ್ಚಿದರು. 1654ರಲ್ಲಿ ಕೊಮೆನಿಯಸ್ ಊರು ಬಿಟ್ಟರು. ನಾಟಕಗಳ ಪುಸ್ತಕ ಅಚ್ಚಾದದ್ದು ಅವರು ಹೋದ ಮೇಲೆ, 1656ರಲ್ಲಿ.

ಅದೇ ಊರಿನಲ್ಲಿ ಸಿದ್ಧವಾದ ಇನ್ನೊಂದು ಪುಸ್ತಕ ನಮಗೆಲ್ಲ ಗೊತ್ತಿರುವ ಆರ್ಬಿಸ್ ಪಿಕ್ಟಸ್. ಚಿತ್ರ ಕೆತ್ತುವವರು ಅಲ್ಲಿ ಸಿಗದೆ, ಕೊನೆಗೆ 1658ರಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಅಚ್ಚಾಯಿತು. ಸುಮಾರು 150 ಚಿತ್ರಪಾಠಗಳು. ಚಿತ್ರದಲ್ಲಿ ಪ್ರತಿ ವಸ್ತುವಿಗೂ ಒಂದು ಅಂಕಿ, ಕೆಳಗಿನ ವಾಕ್ಯದಲ್ಲಿ ಅದೇ ಅಂಕಿ. ಮಗು ಹುಡುಕಿ ಜೋಡಿಸಬೇಕು. ಶಾಲೆಗೆ ಸೇರುವ ಮೊದಲೇ ಮನೆಯಲ್ಲಿ ಮಕ್ಕಳು ಇಷ್ಟಬಂದಂತೆ ಪುಟ ತಿರುಗಿಸಲಿ, ಚಿತ್ರ ನೋಡಿ ತಾವೂ ಬರೆಯಲಿ ಎಂಬುದು ಅವರ ಆಸೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೊದಲಲ್ಲಿರುವ ಅಕ್ಷರಮಾಲೆ. ನಮ್ಮ ಅ ಅರಸ, ಆ ಆನೆ ಮಾದರಿಯಲ್ಲಿ ಅಕ್ಷರ ಕಲಿಯಲು ಆ ವಸ್ತುವಿನ ಹೆಸರು ಮೊದಲೇ ಗೊತ್ತಿರಬೇಕು. ಅವರ ಪುಸ್ತಕದಲ್ಲಿ ಪ್ರಾಣಿ ಕೂಗುವ ಸದ್ದೇ ಅಕ್ಷರ. ಕಾಗೆ ಕೂಗಿದರೆ ಎ, ಕುರಿಮರಿ ಅರಚಿದರೆ ಬಿ, ಹಾವು ಬುಸುಗುಟ್ಟಿದರೆ ಎಸ್. ಮಗು ಅಕ್ಷರ ಕಲಿಯಲು ಮೊದಲು ಕಾಗೆಯಾಗಬೇಕು.

ಲೆಷ್ನೊಗೆ ಮರಳಿದ ಮೇಲೆ ಇನ್ನೊಂದು ಪೆಟ್ಟು ಕಾದಿತ್ತು. ಪೋಲೆಂಡಿನ ಮೇಲೆ ಸ್ವೀಡನ್ ದಂಡೆತ್ತಿ ಬಂದಾಗ ಕೊಮೆನಿಯಸ್ ಸ್ವೀಡನ್ನಿನ ದೊರೆಯನ್ನು ಹೊಗಳಿ ಬರೆದರು. ಆಶ್ರಯ ಕೊಟ್ಟ ನಾಡಿನಲ್ಲಿ ಕೂತು ಹಾಗೆ ಬರೆದದ್ದು ವಿವೇಕವಾಗಿರಲಿಲ್ಲ ಎಂದೇ ನನ್ನ ಅಭಿಪ್ರಾಯ. 1656ರಲ್ಲಿ ಪೋಲಿಷ್ ಸೇನೆಗಳು ಪಟ್ಟಣವನ್ನು ಸುಟ್ಟವು. ಮನೆಯ ಜೊತೆ ಹಸ್ತಪ್ರತಿಗಳೂ ಹೋದವು. ನಲವತ್ತಕ್ಕೂ ಹೆಚ್ಚು ವರ್ಷ ಕೂಡಿಸಿದ ಝೆಕ್ ಭಾಷೆಯ ಪದಕೋಶವೂ ಅದರಲ್ಲಿತ್ತು. ಆ ಪದಕೋಶದ ನಷ್ಟವನ್ನು ಅವರು ಸಾಯುವವರೆಗೂ ನೆನೆದರು. ಕೊನೆಯ ವರ್ಷಗಳು ಆಮ್ಸ್ಟರ್‌ಡ್ಯಾಮ್‌ನಲ್ಲಿ. 1670ರ ನವೆಂಬರ್ 15ರಂದು ತೀರಿಕೊಂಡರು. ಸಮಾಧಿ ಇರುವುದು ಹತ್ತಿರದ ನಾರ್ಡೆನ್ ಊರಿನಲ್ಲಿ. ಅವರು ಹುಟ್ಟಿದ ಮಾರ್ಚ್ 28 ಇಂದು ಝೆಕ್ ದೇಶದಲ್ಲಿ ಶಿಕ್ಷಕರ ದಿನ.

ಬೋಧನಾಭ್ಯಾಸ ಇನ್ನೂ ಮುಗಿದಿರಲಿಲ್ಲ. ಎಂಟನೆಯ ಪಾಠಕ್ಕೆ ಅದೇ ತರಗತಿ, ಅದೇ ವಿಷಯ ಕೊಡಿ ಎಂದು ಮೇಡಂ ಹತ್ತಿರ ಕೇಳಿಕೊಂಡೆ. ರಟ್ಟಿನ ಪೆಟ್ಟಿಗೆ ಹಾಸ್ಟೆಲಿನಲ್ಲೇ ಉಳಿಯಿತು. ಒಬ್ಬ ಹುಡುಗಿಯನ್ನು ಏನೂ ಗೊತ್ತಿಲ್ಲದ ದೊರೆ ಮಾಡಿದೆ. ಅವಳಿಗೆ ಒಂದೇ ಅಧಿಕಾರ: ಅರ್ಥವಾಗುವವರೆಗೆ ಬಂದವರನ್ನು ಬಿಡದಿರುವುದು. ಕಮ್ಮಾರ ಬಂದು ತಿದಿ, ಅಡಿಗಲ್ಲು, ಇಕ್ಕಳ ಎಂದು ಪಟ್ಟಿ ಒಪ್ಪಿಸಿದ. ದೊರೆ ಬಿಡಲಿಲ್ಲ. ತಿದಿ ಒತ್ತದಿದ್ದರೆ ಏನಾಗುತ್ತದೆ ಎಂದು ಕೇಳಿದಳು. ಅವನು ತಡವರಿಸಿ, ಕೈಯಲ್ಲಿ ಒತ್ತಿ ತೋರಿಸಿ, ಕೊನೆಗೆ ಎರಡು ವಾಕ್ಯದಲ್ಲಿ ಹೇಳಿದ. ಕುಂಬಾರನಾಗಿ ಬಂದವನು ನನ್ನ ಆರನೆಯ ಪಾಠದಲ್ಲಿ ಕೊನೆಯ ಬೆಂಚು ಬಿಟ್ಟು ಏಳದಿದ್ದ ಹುಡುಗ. ತಿಗರಿಯ ಬಗ್ಗೆ ಹೇಳಿ ಮುಗಿಸಿ, ಆವಿಗೆಯ ಮಾತೆತ್ತಿದ. ಆ ಪದ ನನ್ನ ಪಾಠ ಯೋಜನೆಯಲ್ಲಿ ಇರಲೇ ಇಲ್ಲ. ದೊರೆಗೂ ಗೊತ್ತಿಲ್ಲ. ಮಡಕೆಗಳನ್ನು ಹೇಗೆ ಜೋಡಿಸುತ್ತಾರೆ, ಮೇಲೆ ಏನು ಮುಚ್ಚುತ್ತಾರೆ, ಯಾವ ಹೊತ್ತಿನಲ್ಲಿ ಬೆಂಕಿ ಇಡುತ್ತಾರೆ ಎಂದು ಅವನು ತನ್ನ ಮನೆಯ ಕನ್ನಡದಲ್ಲಿ ಹೇಳುತ್ತಾ ಹೋದ. ಪಕ್ಕದ ತರಗತಿಯಿಂದ ಯಾರೂ ಬರಲಿಲ್ಲ, ಯಾಕೆಂದರೆ ಎಲ್ಲರೂ ಕೇಳುತ್ತಿದ್ದರು. ನೇಕಾರ ಒಳಗೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಮೌಲ್ಯಮಾಪನದ ಪ್ರಶ್ನೆಗಳು ಕಾಗದದಲ್ಲೇ ಉಳಿದವು.

ವೀಕ್ಷಣಾ ಪುಸ್ತಕದಲ್ಲಿ ಮೇಡಂ ವಾಕ್ಯಗಳನ್ನು ಎಣಿಸಿ ಬರೆದಿದ್ದರು, ಇಪ್ಪತ್ತಮೂರು. ಅದರ ಕೆಳಗೆ ಇನ್ನೊಂದು ಪ್ರಶ್ನೆ ಇತ್ತು. ಕಿಟಕಿ ಪಕ್ಕ ಕೂತು ಬರೀ ನೋಡುತ್ತಿದ್ದ ನಾಲ್ವರಿಗೆ ಯಾವ ಪಾತ್ರ ಕೊಟ್ಟಿದ್ದಿರಿ ಎಂದು. ಹತ್ತನೆಯ ಪಾಠಕ್ಕೆ ನಾನೀಗ ಬರೆಯುತ್ತಿರುವುದು ಸಂತೆಯ ದೃಶ್ಯ. ತರಗತಿಯಲ್ಲಿ ನಲವತ್ತೊಂದು ಮಕ್ಕಳಿದ್ದಾರೆ. ಮೂವತ್ತೆಂಟು ಪಾತ್ರ ಆಗಿದೆ, ಮಾರಲು ತಂದ ಎಮ್ಮೆಗೂ ಎರಡು ಮಾತು ಬರೆದಿದ್ದೇನೆ. ಇನ್ನು ಮೂರು ಬೇಕು.