ವಸ್ತುಗಳಿಗೆ ವಾಣಿಯಿತ್ತ ಅಧ್ಯಾಪಕ: ಆರ್ಥರ್ ಹಜೇಲಿಯಸ್

ಅರಸರ ಕಿರೀಟ, ಖಡ್ಗ, ಸಿಂಹಾಸನಗಳನ್ನು ಜೋಪಾನವಾಗಿ ಕಾಪಾಡಿಕೊಂಡು ಬಂದ ಸಂಗ್ರಹಾಲಯಗಳು ಲೋಕದಲ್ಲಿ ಹಿಂದಿನಿಂದಲೂ ಇವೆ. ಆದರೆ ರೈತನ ಮನೆಯ ತೊಟ್ಟಿಲು, ಮರದ ಬಟ್ಟಲು, ಹೆಂಗಸರ ಉಡುಪು ಇವೂ ಒಂದು ನಾಡಿನ ಚರಿತ್ರೆಯೇ ಎಂದು ಬಗೆದು, ಅವುಗಳ ರಕ್ಷಣೆಗಾಗಿ ಬಾಳನ್ನೇ ಮುಡಿಪಾಗಿಟ್ಟವರು ವಿರಳ. ಸ್ವೀಡನ್ ದೇಶದ ಆರ್ಥರ್ ಹಜೇಲಿಯಸ್ ಅಂಥವರಲ್ಲಿ ಅಗ್ರಗಣ್ಯರು. ಅವರು ವೃತ್ತಿಯಿಂದ ಭಾಷಾ ಅಧ್ಯಾಪಕರಾಗಿದ್ದರೆಂಬುದು ಶಿಕ್ಷಕ ಸಮುದಾಯಕ್ಕೆ ಹೆಮ್ಮೆಯ ಸಂಗತಿ.

ಹಜೇಲಿಯಸ್ ಅವರು 1833ರ ನವೆಂಬರ್ 30ರಂದು ಸ್ಟಾಕ್‌ಹೋಮ್ ನಗರದಲ್ಲಿ ಜನಿಸಿದರು. ತಂದೆ ಸೇನಾಧಿಕಾರಿ. ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ, ಹಾವಮಾಲ್ ಎಂಬ ಪ್ರಾಚೀನ ಸೂಕ್ತಿಕಾವ್ಯವನ್ನು ಕುರಿತ ಪ್ರಬಂಧಕ್ಕೆ 1860ರಲ್ಲಿ ಡಾಕ್ಟರೇಟ್ ಪಡೆದರು. ಅನಂತರ ಶಾಲೆಗಳಲ್ಲಿಯೂ ಶಿಕ್ಷಕಿಯರ ತರಬೇತಿ ಸಂಸ್ಥೆಯಲ್ಲಿಯೂ ಸ್ವೀಡಿಷ್ ಭಾಷೆಯನ್ನು ಬೋಧಿಸಿದರು. 1869ರಲ್ಲಿ ಕಾಗುಣಿತದ ಸುಧಾರಣೆಗಾಗಿ ಸೇರಿದ ಸಮ್ಮೇಳನದಲ್ಲಿ ಉತ್ಸಾಹದಿಂದ ದುಡಿದರು. ಜನರ ಆಡುಮಾತಿನತ್ತ ಹರಿದ ಅವರ ಲಕ್ಷ್ಯವು ಕ್ರಮೇಣ ಜನರ ಬದುಕಿನತ್ತ ತಿರುಗಿತು.

1872ರ ಬೇಸಿಗೆಯಲ್ಲಿ ಪತ್ನಿ ಸೋಫಿಯವರೊಡನೆ ಡಾಲಾರ್ನಾ ಪ್ರಾಂತದಲ್ಲಿ ಪ್ರವಾಸ ಮಾಡುವಾಗ, ಕಾರ್ಖಾನೆಯ ಬಟ್ಟೆ ಹಳ್ಳಿಹಳ್ಳಿಗೂ ನುಗ್ಗಿ, ಆಯಾ ಊರಿನ ಗುರುತೇ ಆಗಿದ್ದ ಹಳೆಯ ಉಡುಪುಗಳು ಮೂಲೆಗೆ ಬೀಳುತ್ತಿರುವುದನ್ನು ಅವರು ಕಂಡರು. ಸ್ಟೂರಾ ಟೂನಾ ಎಂಬಲ್ಲಿ ಒಂದು ಲಂಗವನ್ನು ಕೊಂಡುಕೊಂಡರು. ಅದೇ ಅವರ ಮಹಾಸಂಗ್ರಹದ ಪ್ರಥಮ ವಸ್ತು.

ವಸ್ತುವನ್ನು ಕೂಡಿಟ್ಟ ಮಾತ್ರಕ್ಕೆ ಅದರ ಅರ್ಥ ಉಳಿಯದು. ಒಂದು ನಿದರ್ಶನವನ್ನು ನೋಡಬಹುದು. ಒಗೆದ ಬಟ್ಟೆಯನ್ನು ಕೋಲಿಗೆ ಸುತ್ತಿ, ಮೇಲೆ ಒತ್ತಿ ಉರುಳಿಸಿ ಸುಕ್ಕು ತೆಗೆಯುವ ಮರದ ಹಲಗೆ ಉತ್ತರದ ಆ ನಾಡುಗಳ ಮನೆಗಳಲ್ಲಿತ್ತು. ಕಣ್ಣಿಗೆ ಕಾಣುವುದು ಒಂದು ಹಿಡಿ, ಒಂದಿಷ್ಟು ಕೆತ್ತನೆ, ಎರಡು ಅಕ್ಷರ, ಒಂದು ಇಸವಿ. ತರುಣನು ತಾನು ಕೈಹಿಡಿಯಲಿರುವ ಕನ್ಯೆಗೆ ತನ್ನ ಕೈಯಾರೆ ಕೆತ್ತಿ ಅದನ್ನು ಕಾಣಿಕೆ ನೀಡುತ್ತಿದ್ದನೆಂಬುದನ್ನು ಮರವು ಹೇಳಲಾರದು, ಮನೆಯ ಹಿರಿಯರು ಹೇಳಬೇಕು. ಹಿರಿಯರು ಕಣ್ಮರೆಯಾದರೆ ಹಲಗೆ ಉಳಿದರೂ ಮೂಕವಾಗುತ್ತದೆ. ಆದುದರಿಂದಲೇ ಹಜೇಲಿಯಸ್ ಅವರು ನಾಡಿನ ಹಲವೆಡೆ ಪ್ರತಿನಿಧಿಗಳನ್ನು ಗೊತ್ತುಮಾಡಿ, ಸಾಮಗ್ರಿಯೊಡನೆ ಅದರ ಊರು, ಬಳಕೆಗಳ ವಿವರವನ್ನೂ ಕೂಡಿಸಲು ಶ್ರಮಿಸಿದರು.

1873ರಲ್ಲಿ ಸ್ಟಾಕ್‌ಹೋಮಿನಲ್ಲಿ ಅವರ ಸಂಗ್ರಹವು ಸಾರ್ವಜನಿಕರಿಗೆ ತೆರೆಯಿತು. ಪೆಟ್ಟಿಗೆಗಳಲ್ಲಿ ಸಾಲಾಗಿ ಇಡುವ ಬದಲು, ಆಳೆತ್ತರದ ಗೊಂಬೆಗಳಿಗೆ ಉಡುಪು ತೊಡಿಸಿ ಮನೆಯ ಒಳಾಂಗಣದ ದೃಶ್ಯಗಳನ್ನೇ ಅವರು ರಚಿಸಿದರು. ಮರುವರ್ಷ ಮಗ ಹುಟ್ಟಿದ ಬೆನ್ನಲ್ಲೇ ಪತ್ನಿ ತೀರಿಕೊಂಡರು. ಆ ದುಃಖದಲ್ಲಿಯೂ ಕಾರ್ಯ ನಿಲ್ಲಲಿಲ್ಲ. 1878ರ ಪ್ಯಾರಿಸ್ ವಿಶ್ವಪ್ರದರ್ಶನದಲ್ಲಿ, ಮಡಿದ ಶಿಶುವಿನ ಸುತ್ತ ನೆರೆದ ರೈತ ಕುಟುಂಬದ ದೃಶ್ಯವು ನೋಡುಗರ ಮನ ಕಲಕಿತು. ಹಣದ ಅಭಾವ ಅವರನ್ನು ಎಂದೂ ಬಿಡಲಿಲ್ಲ. ದಾನಿಗಳ ಮುಂದೆ ಸಂಕೋಚವಿಲ್ಲದೆ ಕೈಯೊಡ್ಡಿದರು. 1880ರಲ್ಲಿ ಸಮಸ್ತ ಸಂಗ್ರಹವನ್ನೂ ತಮ್ಮದೆನ್ನದೆ ನಾಡಿಗೆ ಒಪ್ಪಿಸಿದರು. ನಾರ್ಡಿಕ್ ಮ್ಯೂಸಿಯಂ ಎಂಬ ಹೆಸರು ಅದಕ್ಕೆ ಬಂದುದು ಆಗಲೇ.

ವಸ್ತುವಿಗೆ ಮನೆ ಬೇಕು, ಮನೆಗೆ ಅಂಗಳ ಬೇಕು, ಅಂಗಳದಲ್ಲಿ ಹಾಡು ಬೇಕು ಎಂಬುದು ಅವರ ದರ್ಶನದ ಮುಂದಿನ ಹೆಜ್ಜೆ. 1891ರ ಅಕ್ಟೋಬರ್ 11ರಂದು ಸ್ಕಾನ್ಸೆನ್ ಎಂಬ ಬಯಲು ಸಂಗ್ರಹಾಲಯ ಉದ್ಘಾಟನೆಗೊಂಡಿತು. ಮೂರಾ ಸೀಮೆಯ ಮರದ ಮನೆಯೊಂದನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಲಾಯಿತು. ಊರಿನ ಉಡುಪು ತೊಟ್ಟ ಡಾಲಾರ್ನಾದ ಹೆಣ್ಣುಮಕ್ಕಳು ಬಂದವರನ್ನು ಬರಮಾಡಿಕೊಂಡರು. ಜಾನಪದ ಸಂಗೀತ, ಕುಣಿತಗಳು ಅಲ್ಲಿ ನೆಲೆ ಕಂಡವು. 1901ರ ಮೇ 27ರಂದು ಹಜೇಲಿಯಸ್ ಅವರು ನಿಧನರಾದರು. ಅವರ ಸಮಾಧಿಯೂ ಸ್ಕಾನ್ಸೆನ್‌ನಲ್ಲಿಯೇ ಇದೆ. ಮ್ಯೂಸಿಯಂನ ಭವ್ಯ ಕಟ್ಟಡ ಪೂರ್ಣಗೊಂಡುದು 1907ರಲ್ಲಿ. ಅದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ.

ಕನ್ನಡ ನಾಡಿನಲ್ಲಿಯೂ ಈ ಬಗೆಯ ಕಾರ್ಯ ನಡೆದಿದೆ. ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ಆರಂಭವಾಯಿತು, ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದರು. ಆದರೂ ನಮ್ಮ ಮನೆಗಳ ಅಟ್ಟದ ಮೇಲೆ ಕೊಳಗ, ಒನಕೆ, ಬೀಸುವ ಕಲ್ಲುಗಳು ಇನ್ನೂ ಬಿದ್ದಿವೆ. ಕಲ್ಲು ನೂರು ವರ್ಷ ಕಾದೀತು. ಬೀಸುವ ಪದ ಬಲ್ಲ ಅಜ್ಜಿ ಕಾಯಲಾರಳು. ವಿದ್ಯಾರ್ಥಿಯ ಕೈಗೆ ಒಂದು ನೋಟುಪುಸ್ತಕ ಕೊಟ್ಟು ಆ ಅಜ್ಜಿಯ ಬಳಿ ಕೂರಿಸುವ ಶಿಕ್ಷಕನು ಹಜೇಲಿಯಸ್ ಅವರ ಕಾರ್ಯವನ್ನೇ ಮುಂದುವರಿಸಿದಂತಾಗುತ್ತದೆ.