ಮುಚ್ಚಿದ ವ್ಯೂಹದಲ್ಲಿ ಸುಲ್ತಾನ್ ಖಾನ್

ನಮ್ಮ ಜಿಲ್ಲಾಸ್ಥಳವಾದ ಸಾಂಗಲಿ ಚದುರಂಗಕ್ಕೆ ಹೆಸರಾದ ಊರು. ಆದಕಾರಣ ತಿಕೋಂಡಿಯ ಈ ಸಂಪುಟದಲ್ಲಿ ಮೀರ್ ಸುಲ್ತಾನ್ ಖಾನರನ್ನು ನೆನೆಯುವುದು ಅಪ್ರಸ್ತುತವಾಗಲಾರದು. ಭಾಷೆ ಬಾರದ ನಾಡಿಗೆ ಹೋಗಿ, ತಮ್ಮೂರಿನಲ್ಲಿ ಕಲಿತದ್ದರ ಬಲದಿಂದಲೇ ಅಲ್ಲಿ ಗೆದ್ದವರು ಅವರು.

ಇಂದು ಪಾಕಿಸ್ತಾನದಲ್ಲಿರುವ ಪಂಜಾಬಿನ ಮಿಠಾ ತಿವಾನಾ ಅವರ ಹುಟ್ಟೂರು. ಬಾಲ್ಯದಲ್ಲಿ ತಂದೆಯಿಂದ ಕಲಿತದ್ದು ದೇಶೀ ಚದುರಂಗ. ಅದರಲ್ಲಿ ಪ್ಯಾದೆಯು ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದೆ ಸಾಗಬೇಕು. ಎರಡು ಮನೆ ದಾಟುವಂತಿಲ್ಲ. ಹೀಗಾಗಿ ಪಡೆಗಳು ಬೇಗ ಕೈಕೈ ಮಿಲಾಯಿಸುವುದಿಲ್ಲ. ಪ್ಯಾದೆಗಳು ಎದುರುಬದುರಾಗಿ ನಿಂತು ನಡುವಿನ ದಾರಿ ಕಟ್ಟಿಕೊಳ್ಳುತ್ತದೆ, ಆನೆ ಒಂಟೆಗಳಿಗೆ ಓಡಾಡಲು ತೆರಪಿರುವುದಿಲ್ಲ. ಇಂಥ ಮುಚ್ಚಿದ ವ್ಯೂಹದಲ್ಲಿ ಅವಸರ ಮಾಡಿದವನು ಕೆಡುತ್ತಾನೆ. ಬಲಗಳನ್ನು ಹಿಂದಿನ ಸಾಲುಗಳಲ್ಲೇ ಸರಿಸಿ ಸಜ್ಜುಗೊಳಿಸಿಕೊಂಡು, ಯಾವ ಮಗ್ಗುಲಲ್ಲಿ ಬಾಗಿಲು ಒಡೆಯಬೇಕೆಂದು ನೋಡುತ್ತಿರಬೇಕು. ಸುಲ್ತಾನ್ ಖಾನರ ಕೈಗೆ ಈ ಪಾಠ ಎಳವೆಯಲ್ಲಿಯೇ ಹತ್ತಿತ್ತು.

1928ರಲ್ಲಿ ಅವರು ಅಖಿಲ ಭಾರತ ಚಾಂಪಿಯನ್ ಆದರು. ಮರುವರ್ಷ ಅವರ ಆಶ್ರಯದಾತ, ಜಮೀನುದಾರ ಸರ್ ಉಮರ್ ಹಯಾತ್ ಖಾನರು ಅವರನ್ನು ಲಂಡನ್ನಿಗೆ ಕರೆದೊಯ್ದರು. ಯುರೋಪಿನ ನಿಯಮಗಳು ಹೊಸವು, ಆರಂಭದ ನಡೆಗಳ ಪುಸ್ತಕಜ್ಞಾನ ಅತ್ಯಲ್ಪ, ಇಂಗ್ಲಿಷೂ ಅಷ್ಟಕ್ಕಷ್ಟೇ. ಮೇಲಾಗಿ ಆ ಶೀತದಲ್ಲಿ ಅನಾರೋಗ್ಯ. ಆದರೂ ಅದೇ ಬೇಸಿಗೆಯಲ್ಲಿ ಬ್ರಿಟಿಷ್ ಚಾಂಪಿಯನ್ ಪಟ್ಟ ಅವರದಾಯಿತು. 1932, 1933ರಲ್ಲಿ ಮತ್ತೆ ಗೆದ್ದರು. 1933ರಲ್ಲಿ ಮಹಿಳೆಯರ ಪಟ್ಟ ಗೆದ್ದ ಫಾತಿಮಾ ಕೂಡ ಅದೇ ಉಮರ್ ಹಯಾತರ ಪರಿವಾರದವರೆಂಬುದನ್ನು ನಾವು ಮರೆಯಬಾರದು.

ಅವರ ಆಟಗಳಲ್ಲಿ ಒಂದನ್ನು ಮಾತ್ರ ವಿವರವಾಗಿ ಹೇಳಬೇಕು. 1930-31ರ ಹೇಸ್ಟಿಂಗ್ಸ್ ಪಂದ್ಯಾವಳಿ; ಎದುರಾಳಿ 1921ರಿಂದ 1927ರವರೆಗೆ ವಿಶ್ವ ಚಾಂಪಿಯನ್ ಆಗಿದ್ದ ಕ್ಯೂಬಾದ ಕ್ಯಾಪಬ್ಲಾಂಕಾ. ಬಿಳಿಯ ಕಾಯಿಗಳು ಖಾನರವು. ಹಲಗೆಯ ನಡುವೆ ಪ್ಯಾದೆಗಳು ಬೀಗ ಜಡಿದಂತೆ ನಿಂತವು. ಕ್ಯಾಪಬ್ಲಾಂಕಾರ ಎರಡು ಆನೆಗಳು ತೆರೆದಿದ್ದ ಒಂದೇ ಸಾಲಿನಲ್ಲಿ ಒಳನುಗ್ಗಿ ರಾಜನಿಗೆ ಶಹ ಕೊಟ್ಟವು. ಖಾನರು ತಮ್ಮ ವಜೀರನನ್ನು ಬಿಟ್ಟುಕೊಟ್ಟು ಆ ಎರಡೂ ಆನೆಗಳನ್ನು ಪಡೆದರು. ಎದುರಾಳಿಯ ವಜೀರ ಹಲಗೆಯಲ್ಲಿ ಅಲೆದಾಡಿದರೂ ಕಟ್ಟಿನಿಂತ ಪ್ಯಾದೆಗಳ ನಡುವೆ ಅದಕ್ಕೆ ತಿನ್ನಲು ಏನೂ ಸಿಗಲಿಲ್ಲ. ಇತ್ತ ಖಾನರು ಆನೆಗಳನ್ನು ಅತ್ತಿತ್ತ ಸರಿಸುತ್ತ, ಆತುರವಿಲ್ಲದೆ, ಮುಂದೆ ನಲವತ್ತಕ್ಕೂ ಹೆಚ್ಚು ನಡೆಗಳವರೆಗೆ ಹಿಡಿತವನ್ನು ಬಿಗಿಮಾಡುತ್ತ ಹೋದರು. 65ನೆಯ ನಡೆಯ ಬಳಿಕ ಕ್ಯಾಪಬ್ಲಾಂಕಾ ಸೋಲೊಪ್ಪಿದರು. ಮಿಂಚಿನ ದಾಳಿಯನ್ನೇ ಮೆಚ್ಚುವವರಿಗೆ ಈ ಆಟ ಸಪ್ಪೆಯೆನಿಸೀತು. ನನ್ನ ಮಟ್ಟಿಗೆ ಇದರಷ್ಟು ಸೊಗಸಾದದ್ದು ಅಪರೂಪ.

1931ರಲ್ಲಿ ಟಾರ್ಟಕೋವರ್ ಅವರನ್ನೂ ಪಂದ್ಯಸರಣಿಯಲ್ಲಿ ಸೋಲಿಸಿದರು. 1933ರ ಕೊನೆಗೆ ಒಡೆಯರೊಂದಿಗೆ ಸ್ವದೇಶಕ್ಕೆ ಮರಳಿದರು. ಇಂಗ್ಲೆಂಡಿನಲ್ಲಿ ಉಳಿಯುವುದು ಅವರ ಕೈಯಲ್ಲಿರಲಿಲ್ಲ. 1935ರಲ್ಲಿ ವಿ. ಕೆ. ಖಾಡಿಲಕರರೊಡನೆ ಹತ್ತು ಆಟಗಳಾಡಿ, ಒಂದನ್ನು ಮಾತ್ರ ಸಮ ಮಾಡಿಕೊಂಡು ಉಳಿದೆಲ್ಲವನ್ನೂ ಗೆದ್ದರು. ಅಲ್ಲಿಗೆ ದೊಡ್ಡ ಪಂದ್ಯಗಳು ಮುಗಿದವು. ವಿಶ್ವ ಚದುರಂಗ ಒಕ್ಕೂಟ 1950ರಲ್ಲಿ ಮೊದಲ ಬಾರಿಗೆ ಗ್ರ್ಯಾಂಡ್‌ಮಾಸ್ಟರ್ ಬಿರುದುಗಳನ್ನು ಹಂಚಿದಾಗ ಅವರ ಹೆಸರಿರಲಿಲ್ಲ.

ಮಕ್ಕಳಿಗೆ ಅವರು ಚದುರಂಗ ಕಲಿಸಲಿಲ್ಲ. ಇದಕ್ಕಿಂತ ಉಪಯುಕ್ತವಾದದ್ದನ್ನು ಮಾಡಿರೆಂದು ಹೇಳುತ್ತಿದ್ದರೆಂಬುದನ್ನು ಅವರ ಮಗ ಸ್ಮರಿಸಿದ್ದಾರೆ. 1966ರಲ್ಲಿ ಕ್ಷಯರೋಗದಿಂದ ತೀರಿಕೊಂಡರು. ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದು ಬಂದದ್ದು 2024ರಲ್ಲಿ.