ಭಂಡಾರಿ ಬಸವಣ್ಣನವರೂ ಬೊಕ್ಕಸದ ಅನ್ನವೂ

ಬೀದರ ಜಿಲ್ಲೆಯ ಗೋರ್ಟಾ ಗ್ರಾಮವು 1948ರ ಮೇ ತಿಂಗಳಲ್ಲಿ ರಜಾಕಾರರ ಕ್ರೌರ್ಯಕ್ಕೆ ತುತ್ತಾದುದನ್ನು ನಮ್ಮ ವಾಚಕರು ಮರೆತಿರಲಾರರು. ಹಾಗೆ ಬೆಂದ ಸೀಮೆಯ ಮಕ್ಕಳ ಹಸಿವು ಸರಕಾರದ ಕಣ್ಣಿಗೆ ಬಿದ್ದುದು ಬಹು ತಡವಾಗಿ. 2002ರಲ್ಲಿ ಉತ್ತರದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟವು ಆರಂಭವಾದಾಗ ಬೀದರವೂ ಅವುಗಳಲ್ಲೊಂದಾಗಿದ್ದಿತು. ಯೋಜನೆಗೆ ಅಕ್ಷರ ದಾಸೋಹವೆಂದು ನಾಮಕರಣ ಮಾಡಿದರು. ದಾಸೋಹವೆಂಬ ಆ ಶಬ್ದಕ್ಕೆ ಕೀರ್ತಿ ಬಂದುದು ಗೋರ್ಟಾದ ನೆರೆಯ ಕಲ್ಯಾಣ ಪಟ್ಟಣದಲ್ಲಿ, ಎಂಟುನೂರು ವರ್ಷಗಳ ಹಿಂದೆ ರಾಜಭಂಡಾರದ ಬೀಗದಕೈ ಹಿಡಿದಿದ್ದ ಒಬ್ಬ ಅಧಿಕಾರಿಯ ಮನೆಯಿಂದ. ಹೆಸರನ್ನು ಕಡ ತಂದವರು ಅದರ ಒಡೆಯರ ನಡತೆಯನ್ನೂ ಅರಿಯುವದು ಯುಕ್ತವೆಂದು ನಾವು ಆ ಚರಿತ್ರೆಯನ್ನು ಸಂಕ್ಷೇಪವಾಗಿ ನಿವೇದಿಸುವೆವು.

ಬಸವಣ್ಣನವರು ಬಾಗೇವಾಡಿಯ ಮಾದರಸ, ಮಾದಲಾಂಬೆಯರ ಪುತ್ರರು. ಹುಟ್ಟಿದ ಕುಲದ ಕರ್ಮಬಂಧನವನ್ನೊಲ್ಲದೆ ಮನೆ ತೊರೆದು ಕೂಡಲಸಂಗಮವನ್ನು ಸೇರಿ ಅಲ್ಲಿ ವಿದ್ಯೆಯನ್ನೂ ಭಕ್ತಿಯನ್ನೂ ಸಂಪಾದಿಸಿದರು. ಮುಂದೆ ಮಂಗಳವಾಡಕ್ಕೆ ಬಂದು, ಕಳಚೂರಿ ಬಿಜ್ಜಳನ ಕರಣಶಾಲೆಯಲ್ಲಿ ಲೆಕ್ಕ ಬರೆಯುವ ಉದ್ಯೋಗವನ್ನು ಹಿಡಿದರು. ಧರ್ಮಗುರುಗಳೆಂದು ನಾವು ಪೂಜಿಸುವ ಈ ಮಹಾಪುರುಷರು ಮೊದಲಿಗೆ ಒಬ್ಬ ಕಾರಕೂನರಾಗಿದ್ದರೆಂಬುದನ್ನು ಕಚೇರಿಯ ನಮ್ಮ ಮಿತ್ರರು ಲಕ್ಷ್ಯದಲ್ಲಿಡಬೇಕು. ಬಿಜ್ಜಳನು ಚಾಲುಕ್ಯರ ಸಿಂಹಾಸನವನ್ನು ಕಿತ್ತುಕೊಂಡು ಕಲ್ಯಾಣದಲ್ಲಿ ಆಳತೊಡಗಿದಾಗ ಬಸವಣ್ಣನವರು ಅವನ ಭಂಡಾರಿಗಳಾಗಿದ್ದರು.

ಅವರ ಮಹಾಮನೆಯಲ್ಲಿ ನಿತ್ಯವೂ ಅಸಂಖ್ಯ ಜಂಗಮರು ಉಣ್ಣುತ್ತಿದ್ದರು. ಆಸ್ಥಾನದ ಚಾಡಿಕೋರರಿಗೆ ಇದೇ ಸಾಕಾಯಿತು. ಭಂಡಾರಿಯು ಅರಸನ ಹಣದಿಂದ ತನ್ನವರ ಹೊಟ್ಟೆ ತುಂಬಿಸುತ್ತಿದ್ದಾನೆಂದು ಬಿಜ್ಜಳನ ಕಿವಿ ಕಚ್ಚಿದರು. ಅರಸನು ಭಂಡಾರವನ್ನು ತೆರೆಯಿಸಿ ಎಣಿಸಿದನು. ಒಂದು ಕಾಸೂ ಕಡಿಮೆಯಾಗಿರಲಿಲ್ಲ. ಪುರಾಣಕಾರರು ಇದನ್ನು ಪವಾಡವೆಂದು ವರ್ಣಿಸಿರುವರು. ನಮಗಾದರೋ ಲೆಕ್ಕವು ಸರಿಯಾಗಿದ್ದುದರಲ್ಲಿ ಪವಾಡವೇನೂ ತೋರುವದಿಲ್ಲ. ಬೊಕ್ಕಸವು ಬೇರೆ, ದಾಸೋಹವು ಬೇರೆ ಎಂದು ನಡೆದವನ ಲೆಕ್ಕವು ಸರಿಯಾಗಿಯೇ ಇರುವದು. ಅವರು ನೀಡಿದುದು ತಮ್ಮ ಕಾಯಕದ ಗಳಿಕೆಯನ್ನು.

ಆ ಮಹಾಮನೆಯ ಅಂಗಳದ ಇನ್ನೊಂದು ಕಥೆಯನ್ನು ಹೇಳದೆ ಮುಂದೆ ಹೋಗಲು ನಮಗೆ ಮನಸ್ಸಾಗದು. ಆಯ್ದಕ್ಕಿ ಮಾರಯ್ಯನೆಂಬ ಶರಣನು ಅಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ತಾನೂ ಜಂಗಮರಿಗೆ ಉಣಬಡಿಸುತ್ತಿದ್ದನು. ಒಂದು ದಿನ ದಿನಕ್ಕಿಂತ ಹೆಚ್ಚು ಅಕ್ಕಿ ದೊರೆಯಿತು. ಸಂತೋಷದಿಂದ ಹೊತ್ತು ತಂದನು. ಹೆಂಡತಿ ಲಕ್ಕಮ್ಮನು ಅದನ್ನು ನೋಡಿ ಹಿಗ್ಗಲಿಲ್ಲ. ಬೇಕಾದುದಕ್ಕಿಂತ ಹೆಚ್ಚಿನದು ಆಸೆಯ ಫಲವೆಂದು ಗಂಡನನ್ನು ಜರೆದು, ಮಿಕ್ಕ ಅಕ್ಕಿಯನ್ನು ಬಂದಲ್ಲಿಗೇ ಸುರಿದು ಬರುವಂತೆ ಅಟ್ಟಿದಳು. ಬಡವೆ, ಓದುಬರಹದ ಪದವಿಯಿಲ್ಲದವಳು, ಪ್ರಧಾನಿಯ ಮನೆಯ ಅಕ್ಕಿಯನ್ನು ಮರಳಿಸಿದಳು!

ಈ ಕಾಲದ ಸಂಗತಿಯನ್ನು ಇದರ ಬದಿಗಿಟ್ಟು ನೋಡಿರಿ. ದಿಲ್ಲಿಯ ಪಾರ್ಲಿಮೆಂಟಿನ ಭೋಜನಶಾಲೆಯಲ್ಲಿ ಸದಸ್ಯರು ದಶಕಗಳ ಕಾಲ ಪ್ರಜೆಗಳ ಖರ್ಚಿನಿಂದ ಅಗ್ಗದ ಊಟವನ್ನುಂಡರು. ಆ ರಿಯಾಯತಿಯು ನಿಂತುದು 2021ರಲ್ಲಿ. ಅದರಿಂದ ವರ್ಷಕ್ಕೆ ಸುಮಾರು 8 ಕೋಟಿ ರೂಪಾಯಿ ಉಳಿಯುವದೆಂದು ಆಗ ಪ್ರಕಟವಾಯಿತು. ಅಲ್ಲಿ ನೌಕರರೂ, ನಮ್ಮ ಕಸುಬಿನ ಪತ್ರಕರ್ತರೂ ಉಂಡರೆಂಬುದನ್ನು ಮುಚ್ಚಿಡಲಾಗದು. ಶಾಲೆಯ ಕೂಸಿನ ಎಲೆಗಾದರೋ, ಧಾನ್ಯವನ್ನು ಬಿಟ್ಟು ಬೇಳೆ, ಎಣ್ಣೆ, ಕಾಯಿಪಲ್ಲೆ, ಉರುವಲುಗಳಿಗೆಂದು 2025ರ ಮೇ ತಿಂಗಳಿನಿಂದ ಗೊತ್ತುಪಡಿಸಿದ ಮೊತ್ತವು ಪ್ರಾಥಮಿಕ ತರಗತಿಗಳಲ್ಲಿ ದಿನಕ್ಕೆ 6 ರೂಪಾಯಿ 78 ಪೈಸೆ. ಈ ದರದಿಂದ ಭಾಗಿಸಿದರೆ ಆ 8 ಕೋಟಿಯಲ್ಲಿ ಒಂದು ಕೋಟಿಗೂ ಮಿಕ್ಕಿ ಎಲೆಗಳಿಗೆ ಬಡಿಸಬಹುದಾಗಿತ್ತು. ಸಂಬಳ, ಭತ್ಯೆಗಳುಳ್ಳ ಸದಸ್ಯರು ತಮ್ಮ ಊಟದ ಬೆಲೆಯನ್ನು ತಾವೇ ತೆರುವದು ಮೊದಲಿನಿಂದಲೂ ಅಸಾಧ್ಯವಾಗಿದ್ದಿತೆ? ರಾಜಧಾನಿಗಳಲ್ಲಿ ಸದಸ್ಯರ ಸೌಕರ್ಯದ ಪ್ರಸ್ತಾಪ ಬಂದಾಗಲೊಮ್ಮೆ ಲಕ್ಕಮ್ಮನ ಹೆಸರನ್ನು ನೆನೆಯುವರು ಯಾರಾದರೂ ಇರುವರೋ ನಾವರಿಯೆವು.

ಬಸವಣ್ಣನವರನ್ನು ಕೊನೆಗೆ ಕಲ್ಯಾಣದಿಂದ ಹೊರಡಿಸಿದುದು ಭಂಡಾರದ ಅಪವಾದವಲ್ಲ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಶರಣರು ಮದುವೆ ಮಾಡಿಸಿದರು; ಬಿಜ್ಜಳನು ಆ ಇಬ್ಬರು ತಂದೆಯರಿಗೂ ಘೋರ ಮರಣದಂಡನೆಯನ್ನು ವಿಧಿಸಿದನು. ಪಟ್ಟಣದಲ್ಲಿ ಕ್ಷೋಭೆಯೆದ್ದಿತು, ಅರಸನು ಕೊಲೆಯಾದನು, ಶರಣರು ದಿಕ್ಕುದಿಕ್ಕಿಗೆ ಚದರಿದರು. ಬಸವಣ್ಣನವರು ಅಧಿಕಾರವನ್ನು ಬಿಟ್ಟು ಕೂಡಲಸಂಗಮಕ್ಕೆ ಮರಳಿ, 1167ರ ಸುಮಾರಿಗೆ ಅಲ್ಲಿಯೇ ಐಕ್ಯರಾದರು.